ಹದಿನೇಳನೇ ನಂಬರಿನ ಮೊಣಕಾಲು

ಸವೇತಾ ಅಜ್ಜಿಯ ಮನೆಯಲ್ಲಿ ಬಟ್ಟೆ ಒಗೆಯುವ ಬೋಗುಣಿ ಎರಡು. ಬಿಳಿಯದು ಸೊಂಟದ ಮೇಲಿನ ಬಟ್ಟೆಗೆ. ತುಕ್ಕು ಹಿಡಿದ ತಗಡಿನದು ಸೊಂಟದ ಕೆಳಗಿನದಕ್ಕೆ. ಅಂಗಿ, ಕುಪ್ಪಸ, ತಲೆವಸ್ತ್ರ ಒಂದು ಕಡೆ. ಪ್ಯಾಂಟು, ಲಂಗ, ಕಾಲುಚೀಲ ಇನ್ನೊಂದು ಕಡೆ. ಎರಡೂ ಒಂದೇ ನೀರಿಗೆ ಬಿದ್ದರೆ ಮೈಲಿಗೆ. ಮುಖ ಒರೆಸುವ ಟವೆಲು ಒಮ್ಮೆ ತಗಡಿನ ಬೋಗುಣಿಗೆ ಬಿದ್ದರೆ ಅಜ್ಜಿ ಅದನ್ನು ಮತ್ತೆ ಒಗೆಯುವುದಿಲ್ಲ, ಒಲೆಗೆ ಹಾಕುತ್ತಾಳೆ. ಕಾಲುಚೀಲ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಹಿಟ್ಟು ಮುಟ್ಟುವುದಿಲ್ಲ. ಯಾರ ಕಾಲು ಮುಟ್ಟಿದರೂ ಅಷ್ಟೇ. ಮೊಮ್ಮಗನ ಕಾಲಾದರೂ ಅಷ್ಟೇ.

ನಮ್ಮ ಕೇರಿಗೆಲ್ಲ ಇರುವುದು ಒಂದು ನಲ್ಲಿ. ಮನೆಗಳಿಗೆ ತಗಡಿನ ಮಾಡು, ಮಣ್ಣಿನ ನೆಲ. ಆದರೂ ಈ ಕ್ರಮ ಒಂದು ದಿನ ತಪ್ಪಿಲ್ಲ. ಊರಿನವರು ನಮ್ಮನ್ನು ಕೊಳಕು ತ್ಸಿಗಾನರು, ಅಂದರೆ ಜಿಪ್ಸಿಗಳು, ಅನ್ನುತ್ತಾರೆ. ಸಿಟ್ಟು ಬಂದರೆ ಕಾಗೆಗಳು ಅನ್ನುತ್ತಾರೆ. ಅವರ ಮನೆಯಲ್ಲಿ ಚಡ್ಡಿಯೂ ಮುಖದ ಟವೆಲೂ ಒಂದೇ ಮೆಷಿನ್ನಿನಲ್ಲಿ ತಿರುಗುತ್ತವೆ. ಅಜ್ಜಿ ಅದನ್ನು ಮೊದಲ ಸಲ ಕೇಳಿದಾಗ ಪಕ್ಕಕ್ಕೆ ತಿರುಗಿ ಉಗಿದಳು.

ಈ ಬೋಗುಣಿಗಳ ವಿಷಯ ಮೊದಲೇ ಹೇಳಬೇಕಾಯಿತು. ಇಲ್ಲದಿದ್ದರೆ ಅಜ್ಜಿಯ ಮೊಮ್ಮಗ ನಾರ್ಚಿಸ್ ಮಾಡಿದ ತಪ್ಪು ಯಾರಿಗೂ ಅರ್ಥವಾಗುವುದಿಲ್ಲ. ಅವನನ್ನು ದಡ್ಡ ಅಂದುಬಿಡುತ್ತೀರಿ. ಅವನು ದಡ್ಡನಲ್ಲ.

ನಮ್ಮದು ಇಟ್ಟಿಗೆ ಮಾಡುವವರ ಕೇರಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಡ್ಯಾನ್ಯೂಬ್ ಬಯಲಿನ ಮಣ್ಣು ಅಗೆಯುತ್ತೇವೆ. ಗುಂಡಿಗೆ ನೀರು ಬಿಡುತ್ತೇವೆ. ಕತ್ತರಿಸಿದ ಹುಲ್ಲು, ಕುದುರೆ ಲದ್ದಿ ಸುರಿಯುತ್ತೇವೆ. ಆಮೇಲೆ ತುಳಿಯಬೇಕು. ಮೊಣಕಾಲವರೆಗೆ ಮಣ್ಣು. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತದೆ. ಮಣ್ಣಿನೊಳಗೆ ಗಾಜಿನ ಚೂರು, ಬೇರು, ಕಲ್ಲು ಇರುತ್ತವೆ. ಅಂಗಾಲು ಸೀಳುತ್ತದೆ, ಒಣಗುತ್ತದೆ, ಮತ್ತೆ ಸೀಳುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ತುಳಿದರೆ ತೊಡೆ ನಡುಗಿ ಕೂರಲೂ ಆಗುವುದಿಲ್ಲ. ನಾರ್ಚಿಸ್ ಆರನೇ ವರ್ಷಕ್ಕೆ ಗುಂಡಿಗೆ ಇಳಿದ. ಹತ್ತೊಂಬತ್ತಕ್ಕೆ ಅವನ ಕಾಲು ಹೇಗಿತ್ತೆಂದರೆ, ಓಡುತ್ತಿದ್ದವನು ನಿಲ್ಲಬೇಕೆಂದರೆ ನಿಂತೇಬಿಡುತ್ತಿದ್ದ. ಹಿಂದೆ ಓಡಿ ಬರುತ್ತಿದ್ದವರು ಮುಂದೆ ಹೋಗಿ ಬೀಳುತ್ತಿದ್ದರು.

ಪಟ್ಟಣದ ಫುಟ್ಬಾಲ್ ಕ್ಲಬ್ಬಿನ ಕೋಚು ವೊಯ್ಕು ಅದನ್ನೇ ನೋಡಿದ್ದು. ಒಂದು ಭಾನುವಾರ ಹಳ್ಳಿಯ ಪಂದ್ಯ ನೋಡಲು ಬಂದವನು ಮುಗಿಯುವವರೆಗೆ ಸಿಗರೇಟು ಹಚ್ಚಲಿಲ್ಲ. ಎರಡನೇ ಡಿವಿಜನ್ನಿನ ಕ್ಲಬ್ಬು ಅದು. ಸಂಬಳ ಇತ್ತು, ಕಾಗದ ಇತ್ತು, ಆಸ್ಪತ್ರೆ ಇನ್ಶೂರೆನ್ಸು ಇತ್ತು. ನಮ್ಮ ಕೇರಿಯಲ್ಲಿ ಇನ್ಶೂರೆನ್ಸ್ ಇದ್ದ ಮೊದಲ ಮನುಷ್ಯ ನಾರ್ಚಿಸ್. ಅವನ ಅಪ್ಪ ಸಾಂಡು ಆ ಕಾಗದವನ್ನು ಮೂರು ಮನೆಗೆ ಒಯ್ದು ತೋರಿಸಿದ. ಓದಲು ಬರುತ್ತಿದ್ದದ್ದು ಒಂದು ಮನೆಯವರಿಗೆ ಮಾತ್ರ.

"ಇನ್ಮೇಲೆ ಇವನು ಗುಂಡಿಗೆ ಇಳಿಯಂಗಿಲ್ಲ," ಅಂದ ಸಾಂಡು. "ಇವನ ಪಾಲಿಂದೂ ನಾನೇ ತುಳೀತೀನಿ."

ಮೊದಲ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ತಾಕೆ ಅನ್ನುವ ಮುದುಕ ನಾರ್ಚಿಸನಿಗೆ ಜೆರ್ಸಿ ಕೊಟ್ಟ. ಕ್ಲಬ್ಬಿನ ಬಟ್ಟೆ, ಬೂಟು, ಚೆಂಡು ನೋಡಿಕೊಳ್ಳುವವನು ತಾಕೆ. ಜೆರ್ಸಿಗೆ ಹದಿನೇಳನೇ ನಂಬರು. ಜೊತೆಗೆ ಒಂದು ನೀಲಿ ಚೀಲ.

"ಇದು ನಿಂದು. ಆಟ ಆದ್ಮೇಲೆ ನಿನ್ನ ಬಟ್ಟೆ ಇದಕ್ಕೇ ಹಾಕು. ಆ ದೊಡ್ಡ ಬುಟ್ಟಿಗೆ ಹಾಕ್ಬೇಡ."

"ಯಾಕೆ ಮಾವ?"

ತಾಕೆ ಕಿಟಕಿ ಕಡೆ ನೋಡಿದ. "ನಿಂದು ಬೇರೆ ಒಗೀತೀನಿ ಕಣಪ್ಪ."

"ಅಂಗಿ ಬೇರೆ, ಚಡ್ಡಿ ಬೇರೇನಾ?"

ಮುದುಕನಿಗೆ ಏನು ಕೇಳಿದನೋ ತಿಳಿಯಲಿಲ್ಲ. "ಹೂಂ, ಹೂಂ. ನಿಂಗೆ ಹೆಂಗ್ ಬೇಕೋ ಹಂಗೆ."

ನಾರ್ಚಿಸನಿಗೆ ಎದೆ ತುಂಬಿ ಬಂತು. ಇವರಿಗೆ ನಮ್ಮ ಕ್ರಮ ಗೊತ್ತಿದೆ ಅಂದುಕೊಂಡ. ಹೇಳದೆ, ಕೇಳದೆ, ಮರ್ಯಾದೆಯಿಂದ ಪಾಲಿಸುತ್ತಿದ್ದಾರೆ ಅಂದುಕೊಂಡ.

ಕ್ಯಾಪ್ಟನ್ ರಾಜ್ವಾನನಿಗೆ ಮೂವತ್ತನಾಲ್ಕು. ಅವನು ಬಚ್ಚಲಿನ ಬಾಗಿಲಲ್ಲಿ ನಿಂತು, "ನೀನು ಕೊನೆಗೆ ಹೋಗು ತಮ್ಮ. ನಾವೆಲ್ಲ ಮುಗಿಸ್ತೀವಿ, ಆಮೇಲೆ ನೀನು," ಅಂದ. ನಮ್ಮಲ್ಲಿ ಹುಡುಗರು ದೊಡ್ಡವರೆದುರು ಬಟ್ಟೆ ಬಿಚ್ಚುವುದಿಲ್ಲ. ಅಪ್ಪನೆದುರು ಬನಿಯನ್ನಿನಲ್ಲಿ ನಿಲ್ಲುವುದೂ ನಾಚಿಕೆ. ಕ್ಯಾಪ್ಟನ್ ತನ್ನ ಮಾನ ಕಾಯುತ್ತಿದ್ದಾನೆ ಅಂದುಕೊಂಡ ನಾರ್ಚಿಸ್. ಅವನ ಸರದಿ ಬರುವ ಹೊತ್ತಿಗೆ ಬಿಸಿನೀರು ಮುಗಿದಿರುತ್ತಿತ್ತು. ಅದಕ್ಕೇನು, ತಣ್ಣೀರು ಅವನಿಗೆ ಹೊಸದಲ್ಲ. ನೀರಿನ ಬಾಟಲಿಗೆ ಕೆಂಪು ಟೇಪು ಸುತ್ತಿ ಇದು ನಿನ್ನದು ಅಂದರು. ಅಪರಿಚಿತರ ಎಂಜಲು ತಪ್ಪಿತಲ್ಲ ಅಂದುಕೊಂಡ. ಮಸಾಜು ಮಾಡುವ ಪೊಂಪಿಲಿಯು ಎಲ್ಲರ ಕಾಲಿಗೂ ಎಣ್ಣೆ ಹಚ್ಚಿ ತೀಡುತ್ತಿದ್ದ, ಇವನ ಸರದಿಗೆ ಎಣ್ಣೆ ಬಾಟಲಿಯನ್ನು ಮೇಜಿನ ಮೇಲಿಟ್ಟು, "ನೀನೇ ಹಚ್ಕೋ, ನಿನ್ನ ಕೈ ಗಟ್ಟಿಯಿದೆ," ಅನ್ನುತ್ತಿದ್ದ. ಪೊಂಪಿಲಿಯುಗೆ ಐವತ್ತು ದಾಟಿತ್ತು. ಅಪ್ಪನ ವಯಸ್ಸಿನವನು ನನ್ನ ಕಾಲು ಹಿಡಿಯಬೇಕೇ, ಛೆ, ಅಂದುಕೊಂಡ ನಾರ್ಚಿಸ್. ಅವನೇ ತೀಡಿಕೊಂಡ. ಪೊಂಪಿಲಿಯುಗೆ ಥ್ಯಾಂಕ್ಸ್ ಬೇರೆ ಹೇಳಿದ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಬೇರೆ ಒಗೀತಾನಾ?"

"ಬೇರೇನೇ ಅಜ್ಜಿ. ನಂಗೇ ಅಂತ ಚೀಲ ಕೊಟ್ಟವ್ನೆ."

"ಊರಿನೋರು ಅಷ್ಟು ಒಳ್ಳೇರು ಯಾವಾಗ ಆದ್ರು?" ಅಂದ ಸಾಂಡು. ಅವನು ಐವತ್ತು ವರ್ಷ ಬದುಕಿದ್ದಾನೆ, ಸುಮ್ಮನೆ ನಂಬುವವನಲ್ಲ.

"ನಿನ್ನ ಬಾಯಿಗೆ ಮಣ್ಣು ಹಾಕ," ಅಂದಳು ಅಜ್ಜಿ ಮಗನಿಗೆ. "ಒಬ್ಬ ಮನುಷ್ಯ ಮನುಷ್ಯನ ಥರಾ ನಡಕೊಂಡ್ರೂ ನಿಂಗೆ ಅನುಮಾನ. ಆ ತಾಕೆ ಯಾವ ತಾಯಿ ಹೆತ್ತ ಮಗನೋ, ತಣ್ಣಗಿರ್ಲಿ."

ಆ ಸೆಪ್ಟೆಂಬರಿನಲ್ಲಿ ಅಜ್ಜಿ ಪ್ಲಮ್ ಹಣ್ಣಿನ ಜಾಮು ಮಾಡಿದಳು. ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟು ಎರಡು ದಿನ ಕದಡಿದಳು. ಒಂದು ಸೀಸೆ ತುಂಬಿ, ಬಾಯಿಗೆ ಕೆಂಪು ಚುಕ್ಕಿಯ ಬಟ್ಟೆ ಮುಚ್ಚಿ, ದಾರದಿಂದ ಬಿಗಿದು, ತಾಕೆಗೆ ಕೊಟ್ಟು ಬಾ ಅಂತ ಮೊಮ್ಮಗನ ಕೈಗೆ ಇಟ್ಟಳು. ಸಕ್ಕರೆ ಸಾಲದೆ ಪಕ್ಕದ ಮನೆಯಿಂದ ತಂದಿದ್ದಳು. ತಾಕೆ ಸೀಸೆ ತೆಗೆದುಕೊಂಡ. ಮುದುಕನಿಗೆ ಕಣ್ಣು ತುಂಬಿತು ಅಂತ ನಾರ್ಚಿಸ್ ಮನೆಗೆ ಬಂದು ಹೇಳಿದ. ಕಣ್ಣು ತುಂಬಿದ್ದು ನಿಜ. ಕಾರಣ ಬೇರೆ ಇತ್ತು.

ಆಟದ ವಿಷಯ ಹೆಚ್ಚೇನೂ ಇಲ್ಲ. ಹನ್ನೊಂದು ಪಂದ್ಯ, ನಾಲ್ಕು ಗೋಲು. ಚೆಂಡು ಅವನ ಕಾಲಿಗೆ ಬಂದ ಕೂಡಲೇ ಎದುರು ತಂಡದವರ ಗ್ಯಾಲರಿ ಕೂಗುತ್ತಿತ್ತು. ಕಾ, ಕಾ, ಕಾ. ಎರಡು ಸಾವಿರ ಜನ, ಹೆಂಡತಿ ಮಕ್ಕಳ ಜೊತೆ ಬಂದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಗೋಲು ಹೊಡೆದರೆ ನಮ್ಮ ಕ್ಲಬ್ಬಿನವರು ಚಪ್ಪಾಳೆ ತಟ್ಟುತ್ತಿದ್ದರು. ಚೆಂಡು ತಪ್ಪಿದರೆ ಅವರೂ ಕಾ, ಕಾ. ತಂಡದವರು ಗೋಲು ಆದಾಗ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರಲ್ಲ, ನಾರ್ಚಿಸ್ ಹೊಡೆದಾಗ ದೂರದಿಂದ ಹೆಬ್ಬೆರಳು ಎತ್ತುತ್ತಿದ್ದರು. ಅದನ್ನೂ ಅವನು ಒಳ್ಳೆಯದಕ್ಕೇ ತೆಗೆದುಕೊಂಡ. ಅಪ್ಪನಿಗೆ ಮಾತ್ರ, "ನೀನು ಪಂದ್ಯ ನೋಡಕ್ಕೆ ಬರಬೇಡ," ಅಂದ. ಯಾಕೆ ಅಂತ ಅಪ್ಪ ಕೇಳಲಿಲ್ಲ.

ಎಂಟನೇ ಪಂದ್ಯ ಅಕ್ಟೋಬರಿನಲ್ಲಿ. ಒದ್ದೆ ಹುಲ್ಲು. ಎದುರಾಳಿಯ ಡಿಫೆಂಡರು ಪಕ್ಕದಿಂದ ಜಾರಿ ಬಂದು ಎಡಗಾಲಿಗೆ ಹೊಡೆದ. ಪಾದ ನೆಲದಲ್ಲೇ ನೆಟ್ಟಿತ್ತು, ಮೈ ತಿರುಗಿತು. ಮೊಣಕಾಲಿನೊಳಗೆ ಏನೋ ಲಟಕ್ ಅಂದದ್ದು ನಾರ್ಚಿಸನ ಕಿವಿಗೇ ಕೇಳಿಸಿತು.

ಪೊಂಪಿಲಿಯು ಚೀಲ ಹಿಡಿದು ಓಡಿ ಬಂದ. ಬಂದು ಒಂದು ಮಾರು ದೂರ ನಿಂತ. ಅಲ್ಲಿಂದಲೇ ತಣ್ಣನೆ ಸ್ಪ್ರೇ ಹೊಡೆದ.

"ಮಡಚು."

ನಾರ್ಚಿಸ್ ಮಡಚಿದ.

"ನೀಡು. ನೋಯುತ್ತಾ?"

"ಒಳಗೆ ಸಡಿಲ ಆದಂಗೆ ಆಗ್ತದೆ."

"ನಿಮ್ಮ ಜನಕ್ಕೆ ಅದೆಲ್ಲ ಏನೂ ಆಗಲ್ಲ. ಗಟ್ಟಿ ಪಿಂಡ." ಬ್ಯಾಂಡೇಜಿನ ಸುರುಳಿಯನ್ನು ಹುಲ್ಲಿನ ಮೇಲೆ ಎಸೆದ. "ಬಿಗಿಯಾಗಿ ಸುತ್ಕೋ."

ಆವತ್ತು ಸಂಜೆ ಪೊಂಪಿಲಿಯು ಡಾಕ್ಟರಿಗೆ ಕಳಿಸುವ ಹಾಳೆ ತುಂಬಿದ. ಎಡ ಮೊಣಕಾಲು, ಕೈಯಿಂದ ಪರೀಕ್ಷಿಸಲಾಗಿದೆ, ಬಿಗಿಯಾಗಿದೆ, ಆಡಬಹುದು. ಕೈಯಿಂದ, ಅಂತ ಬರೆದ. ಸಹಿ ಹಾಕಿದ. ಡಾಕ್ಟರು ಹಾಳೆ ನೋಡಿ ಸೀಲು ಹೊಡೆದ. ಕೋಚು ಸೀಲು ನೋಡಿ ಆಡಿಸಿದ. ಮನುಷ್ಯನನ್ನು ಯಾರೂ ನೋಡಲಿಲ್ಲ.

ಮೂರು ಪಂದ್ಯ ಆಡಿದ. ಪ್ರತಿಸಲ ತಿರುಗುವಾಗ ಮೊಣಕಾಲು ಒಳಗೇ ಜಾರುತ್ತಿತ್ತು. ಹೇಳಿದರೆ ಬೆಂಚಿನ ಮೇಲೆ ಕೂರಿಸುತ್ತಾರೆ, ಬೆಂಚಿನಿಂದ ಕೇರಿಗೆ ಕಳಿಸುತ್ತಾರೆ ಅನ್ನುವ ಭಯ. ಮನೆಯಲ್ಲೂ ಹೇಳಲಿಲ್ಲ. ಅಪ್ಪ ಅವನ ಪಾಲಿನ ಮಣ್ಣು ತುಳಿದು ಆ ಋತು ಮುಗಿಸಿದ್ದ, ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ. ಹನ್ನೊಂದನೇ ಪಂದ್ಯದ ಎಪ್ಪತ್ತನೇ ನಿಮಿಷದಲ್ಲಿ ಯಾರೂ ಮುಟ್ಟದೆಯೇ ನಾರ್ಚಿಸ್ ಬಿದ್ದ. ಕಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಗ್ಯಾಲರಿ ಕಾ ಕಾ ಅನ್ನುತ್ತಲೇ ಇತ್ತು. ಅವನನ್ನು ಸ್ಟ್ರೆಚರಿಗೆ ಎತ್ತಿದ್ದು ಎದುರು ತಂಡದ ಇಬ್ಬರು.

ಜಿಲ್ಲಾ ಆಸ್ಪತ್ರೆಯ ಮೂಳೆ ಡಾಕ್ಟರು ಒಬ್ಬ ಹೆಂಗಸು. ಸ್ಕ್ಯಾನು ನೋಡುವ ಮೊದಲೇ ಅವಳು ಅವನ ಮೊಣಕಾಲಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಮುಂದಕ್ಕೆ ಎಳೆದಳು. ಮೂಳೆ ಸರ್ರನೆ ಜಾರಿತು. ಅವಳ ಮುಖ ಬದಲಾಯಿತು.

"ಲಿಗಮೆಂಟು ಹರಿದು ತಿಂಗಳಾಗಿದೆ. ಇದರ ಮೇಲೆ ಆಡಿಸಿದ್ದಾರಾ?"

"ಮೂರು ಪಂದ್ಯ."

"ಒಳಗಿನ ಮೆತ್ತೆ ಎಲ್ಲಾ ಅರೆದು ಹೋಗಿದೆ ಮಗು. ಆವತ್ತೇ ಗೊತ್ತಾಗಿದ್ದಿದ್ರೆ ಆಪರೇಷನ್ ಮಾಡಿ ವರ್ಷದೊಳಗೆ ಆಡಬಹುದಿತ್ತು. ಈಗ ಕ್ಲಬ್ಬು ಖರ್ಚು ಕೊಟ್ಟು ಬುಖಾರೆಸ್ಟಲ್ಲಿ ಮಾಡಿಸಿದ್ರೆ ಕುಂಟದೆ ನಡೀಬಹುದು, ಭಾರದ ಕೆಲಸ ಮಾಡಬಹುದು. ಆಟ ಆಗುತ್ತೋ ಇಲ್ವೋ." ಅವಳು ಕ್ಲಬ್ಬಿನಿಂದ ಬಂದ ಹಾಳೆ ತಿರುಗಿಸಿದಳು. "ಕೈಯಿಂದ ಪರೀಕ್ಷಿಸಿದ್ರು ಅಂತ ಬರೆದಿದೆಯಲ್ಲ. ಯಾರು?"

ನಾರ್ಚಿಸ್ ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ.

"ನಾನೀಗ ಮಾಡಿದ್ನಲ್ಲ, ಐದು ಸೆಕೆಂಡಿನ ಕೆಲಸ ಅದು. ಯಾರಾದ್ರೂ ಕೈ ಇಟ್ಟಿದ್ರೆ ಸಾಕಾಗಿತ್ತು."

ಆ ಮಾತು ಅವನೊಳಗೆ ಎಷ್ಟೋ ದಿನ ಕೊರೆಯಿತು. ಯಾರೂ ಯಾಕೆ ಕೈ ಇಡಲಿಲ್ಲ? ಫೆಬ್ರವರಿಯಲ್ಲಿ ಊರುಗೋಲು ಹಿಡಿದು ಕ್ಲಬ್ಬಿಗೆ ಹೋದ. ಪೊಂಪಿಲಿಯು ಇರಲಿಲ್ಲ. ತಾಕೆಯ ಉಗ್ರಾಣದಲ್ಲಿ ಕೂತ. ಎದುರಿನ ಕಪಾಟಿನಲ್ಲಿ ಸುಣ್ಣದ ಡಬ್ಬಿಯ ಹಿಂದೆ ಕೆಂಪು ಚುಕ್ಕಿಯ ಬಟ್ಟೆ ಕಾಣಿಸಿತು. ಎದ್ದು ನೋಡಿದ. ಅಜ್ಜಿ ಕಟ್ಟಿದ ಗಂಟು ಹಾಗೇ ಇತ್ತು. ಸೀಸೆಯ ಮೇಲೆ ಧೂಳು.

"ತಿಂದಿಲ್ವಾ ಮಾವ?"

"ಸಕ್ಕರೆ ಕಾಯಿಲೆ ಕಣೋ ನಂಗೆ."

"ಮನೆಯವರಿಗೆ ಕೊಡಬಹುದಿತ್ತು. ಮೊಮ್ಮಕ್ಕಳವೆ ಅಂದಿದ್ರಿ."

ತಾಕೆ ಮಡಚುತ್ತಿದ್ದ ಕಾಲುಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡ.

"ನನ್ನ ಹೆಂಡತಿ ಒಳಗೆ ತರಬೇಡ ಅಂದ್ಲು," ಅಂದ. "ನಿಮ್ಮ ಕೇರಿದು ಅಂತ. ಎಸೆಯಕ್ಕೆ ನನ್ನ ಕೈ ಬರಲಿಲ್ಲ."

"ಮತ್ತೆ ನನ್ನ ಬಟ್ಟೆ ಬೇರೆ ಒಗೀತಿದ್ರಲ್ಲ..."

"ಅಯ್ಯೋ ಹುಡುಗ." ಮುದುಕ ತಲೆ ಎತ್ತಲಿಲ್ಲ. "ನೀನು ಬಂದ ವಾರವೇ ಕಾಗದ ಬರ್ಕೊಟ್ರು. ಹದಿನಾಲ್ಕು ಜನ ಸಹಿ ಹಾಕಿದ್ರು. ನಿನ್ನ ಬಟ್ಟೆ ಜೊತೆ ಒಗೆದ್ರೆ ತಾವು ಹಾಕ್ಕೊಳಲ್ಲ ಅಂತ. ನೀನು ಅವತ್ತು ಅಷ್ಟು ಖುಷಿಪಟ್ಯಲ್ಲ, ನಂಗೆ ಏನೂ ಹೇಳಕ್ಕಾಗಲಿಲ್ಲ."

"ಸ್ನಾನ?"

"ಅದೂ ಆ ಕಾಗದದಲ್ಲೇ ಇತ್ತು. ಬಾಟ್ಲಿನೂ."

"ಪೊಂಪಿಲಿಯು?"

"ಅವನು ಯಾರ ಕಾಗದಕ್ಕೂ ಕಾಯ್ಲಿಲ್ಲ. ಮುಟ್ಟಲ್ಲ ಅಂತ ಮೊದಲ ದಿನವೇ ಹೇಳ್ದ. ಕೋಚಿಗೂ ಗೊತ್ತಿತ್ತು."

ನಾರ್ಚಿಸ್ ಸೀಸೆಯನ್ನು ಎತ್ತಿಕೊಂಡು ಬಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆರು ತಿಂಗಳು ಅವರು ಮುಖಕ್ಕೆ ಉಗುಳಿದ್ದನ್ನು ಪನ್ನೀರು ಅಂತ ಒರೆಸಿಕೊಂಡಿದ್ದ. ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳಿದ್ದ. ಅದನ್ನು ನೆನೆಸಿಕೊಂಡಾಗ ಮೊಣಕಾಲಿಗಿಂತ ಹೆಚ್ಚು ನೋವಾಯಿತು. ತಣ್ಣೀರಿನಲ್ಲಿ ನಿಂತು ಕ್ಯಾಪ್ಟನ್ನಿಗೆ ಮನಸ್ಸಿನಲ್ಲೇ ಒಳ್ಳೆಯದನ್ನು ಹಾರೈಸಿದ್ದ.

ನಮ್ಮಲ್ಲಿ ಮೈಲಿಗೆ ಇಲ್ಲವೇ ಅಂತ ಕೇಳುವವರಿದ್ದಾರೆ. ಇದೆ. ನಮ್ಮ ಮನೆಯ ಮೈಲಿಗೆ ನಮ್ಮ ಬೋಗುಣಿಗೆ, ನಮ್ಮ ಚಡ್ಡಿಗೆ, ನಮ್ಮ ಕೈಗೆ. ಅದರಿಂದ ಯಾರ ಕಾಲೂ ಮುರಿದಿಲ್ಲ. ಮುಟ್ಟದೆ ಬಿಟ್ಟು, ಮುಟ್ಟಿದೆ ಅಂತ ಬರೆದು ಸಹಿ ಹಾಕುವ ವಿದ್ಯೆ ನಮಗೆ ಬರುವುದಿಲ್ಲ.

ನಾರ್ಚಿಸ್ ಜಾಮಿನ ಸೀಸೆಯನ್ನು ಅಜ್ಜಿಯ ಮುಂದಿಟ್ಟ. ಅವನೇ ಎಲ್ಲ ಹೇಳಿದ. ಅವಳು ಗಂಟು ಬಿಚ್ಚಿ, ಬಟ್ಟೆ ತೆಗೆದು, ಜಾಮನ್ನು ಕೋಳಿಗಳಿಗೆ ಹಾಕಿದಳು.

ಮಾರ್ಚಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಡಿಂಕಾ ಅಪ್ಪ ಮಗ ಇಬ್ಬರನ್ನೂ ಕರೆಸಿದ. ಕಾ ಕಾ ಕೂಗಿದ್ದರ ಬಗ್ಗೆ ಯಾರೋ ಲೀಗಿನ ಮೇಲಿನವರಿಗೆ ವೀಡಿಯೋ ಕಳಿಸಿದ್ದರು. ಎರಡು ಪಂದ್ಯ ಪ್ರೇಕ್ಷಕರಿಲ್ಲದೆ ಖಾಲಿ ಮೈದಾನದಲ್ಲಿ ಆಡಬೇಕೆಂದು ಆದೇಶ ಬಂದಿತ್ತು. ಸಾಂಡು ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ಹಿಂಡುತ್ತಿದ್ದ.

"ಒಂದು ಫೋಟೋ," ಅಂದ ಡಿಂಕಾ. "ಇಡೀ ತಂಡ, ಮಧ್ಯದಲ್ಲಿ ನಿಮ್ಮ ಹುಡುಗ. ನಾವೆಲ್ಲ ಒಂದೇ ಅಂತ ತೋರಿಸೋದು. ಮೂರು ನಿಮಿಷದ ಕೆಲಸ. ಆದೇಶ ವಾಪಸ್ ತಗೋತಾರೆ."

"ಕಾಲಿನ ವಿಷಯ ಸ್ವಾಮಿ?" ಅಂದ ಸಾಂಡು.

"ಫೋಟೋ ಆಗ್ಲಿ. ಬುಖಾರೆಸ್ಟಲ್ಲಿ ಆಪರೇಷನ್ ನಾವೇ ಮಾಡಿಸ್ತೀವಿ. ನನ್ನ ಮಾತು."

ಹೊರಗೆ ಬಂದ ಮೇಲೆ ಸಾಂಡು ಮಗನ ತೋಳು ಹಿಡಿದ. "ನಿಂತ್ಕೋ ಮಗಾ. ಹಲ್ಲು ಕಿರಿ ಅಂದ್ರೆ ಕಿರಿ. ನಾನು ಎಷ್ಟು ಸಲ ತಲೆ ತಗ್ಗಿಸಿದೀನಿ ಅಂತ ಲೆಕ್ಕ ಇಟ್ಟಿಲ್ಲ. ನೀನು ಒಂದು ಸಲ ತಗ್ಗಿಸು. ಕಾಲು ಬರ್ತದೆ."

"ಆಯ್ತಪ್ಪ," ಅಂದ ನಾರ್ಚಿಸ್. ನಿಲ್ಲಬೇಕೆಂದೇ ಹೋದ. ಇದು ಖಂಡಿತ. ಬಂಡಾಯ ಮಾಡಲು ಯಾರೂ ಊರುಗೋಲು ಹಿಡಿದು ಬಸ್ಸು ಹತ್ತುವುದಿಲ್ಲ.

ಮೈದಾನದಲ್ಲಿ ಎಲ್ಲರೂ ಬಿಳಿ ಟೀಶರ್ಟು ಹಾಕಿದ್ದರು, ನಾರ್ಚಿಸನಿಗೂ ಒಂದು ತೊಡಿಸಿದರು. ಎದೆಯ ಮೇಲೆ, ನಾವೆಲ್ಲ ಒಂದೇ. ಹೊಚ್ಚ ಹೊಸ ಟೀಶರ್ಟುಗಳು, ಯಾವುದನ್ನೂ ಯಾವುದರ ಜೊತೆಗೂ ಒಗೆದಿರಲಿಲ್ಲ. ನಾರ್ಚಿಸನನ್ನು ಮಧ್ಯದಲ್ಲಿ ನಿಲ್ಲಿಸಿದರು. ಊರುಗೋಲು ಕಾಣಬಾರದು ಅಂತ ತೆಗೆದುಕೊಂಡು ಹೋದರು. ಅವನು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ. ಒಂದು ಕಡೆ ರಾಜ್ವಾನ್, ಇನ್ನೊಂದು ಕಡೆ ಕೋಚು. ಸಾಲಿನ ತುದಿಯಲ್ಲಿ ಪೊಂಪಿಲಿಯು.

"ಹತ್ತಿರ ಬನ್ನಿ," ಅಂದ ಫೋಟೋದವನು. "ಕ್ಯಾಪ್ಟನ್ ಸಾರ್, ಹುಡುಗನ ಹೆಗಲ ಮೇಲೆ ಕೈ ಹಾಕಿ."

ರಾಜ್ವಾನ್ ಕೈ ಎತ್ತಿದ. ಕೈ ಹೆಗಲ ಮೇಲೆ ಇಳಿಯಲಿಲ್ಲ. ಬಟ್ಟೆಗೆ ತಾಕದಂತೆ ಒಂದು ಬೆರಳು ಮೇಲೆ ನಿಂತಿತು. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. ಕೆಳಗಿರುವ ಹೆಗಲಿಗೆ ಗೊತ್ತಾಗುತ್ತದೆ.

"ಹೆಗಲು ಬೇಡ," ಅಂದ ನಾರ್ಚಿಸ್.

"ಏನು?"

"ಹೆಗಲು ಸರಿಯಾಗಿದೆ ನಂದು. ಪೊಂಪಿಲಿಯು ಬರ್ಲಿ. ಇಲ್ಲಿ ಕೂತು ನನ್ನ ಮೊಣಕಾಲು ಮುಟ್ಟಲಿ. ಆ ಫೋಟೋ ತೆಗೀರಿ."

ಯಾರೋ ನಕ್ಕರು. ಆಮೇಲೆ ನಗು ನಿಂತಿತು.

"ಸುಮ್ನೆ ನಿಂತ್ಕೊಳೋ," ಅಂದ ಕೋಚು ಹಲ್ಲು ಕಚ್ಚಿ. "ನಾಟಕ ಆಡ್ಬೇಡ."

"ಹಾಳೇಲಿ ಬರೆದವ್ರಲ್ಲ, ಕೈಯಿಂದ ಪರೀಕ್ಷಿಸಿದೆ ಅಂತ. ಒಂದು ಸಲ ಮುಟ್ಟಲಿ. ಐದು ಸೆಕೆಂಡು. ಆಮೇಲೆ ಎಷ್ಟು ಫೋಟೋ ಬೇಕೋ ತಗೊಳ್ಳಿ, ದಿನವೆಲ್ಲ ಹಲ್ಲು ಕಿರಿದುಕೊಂಡು ನಿಂತಿರ್ತೀನಿ."

ಅವನು ಬಗ್ಗಿ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ. ಮೊಣಕಾಲು ಇನ್ನೂ ಊದಿಕೊಂಡಿತ್ತು. ನಮ್ಮ ಹುಡುಗ, ಅಪ್ಪನೆದುರು ಬನಿಯನ್ನಿನಲ್ಲಿ ನಿಲ್ಲದವನು, ಇಪ್ಪತ್ತು ಗಂಡಸರೆದುರು ಕಾಲು ಬಿಚ್ಚಿ ತೋರಿಸಿದ.

ಎಲ್ಲರೂ ಪೊಂಪಿಲಿಯು ಕಡೆ ನೋಡಿದರು. ಡಿಂಕಾ ಕಣ್ಣಲ್ಲೇ ಹೋಗು ಅಂದ. ಪೊಂಪಿಲಿಯು ಎರಡು ಹೆಜ್ಜೆ ಬಂದ. ಮೊಣಕಾಲು ನೋಡಿದ. ಕೈಗಳನ್ನು ಬಿಳಿ ಟೀಶರ್ಟಿನ ಮೇಲೆ ಒರೆಸಿಕೊಂಡ, ಇನ್ನೂ ಮುಟ್ಟುವ ಮೊದಲೇ. ಆಮೇಲೆ ಎರಡನ್ನೂ ಜೇಬಿಗೆ ಹಾಕಿಕೊಂಡು ನಿಂತ.

ಐದು ಸೆಕೆಂಡು ಆಯಿತು. ಹತ್ತಾಯಿತು.

"ನೋಡಿದ್ರಲ್ಲ," ಅಂದ ನಾರ್ಚಿಸ್. ಟೀಶರ್ಟು ತೆಗೆದ. ನೆಲಕ್ಕೆ ಎಸೆಯಲಿಲ್ಲ, ರಾಜ್ವಾನನ ಗಾಳಿಯಲ್ಲಿ ನಿಂತ ಕೈಯ ಮೇಲೆ ಹಾಕಿದ. ಮೈದಾನದ ಆಚೆ ತಾಕೆ ಊರುಗೋಲು ಹಿಡಿದು ನಿಂತಿದ್ದ. ಅಲ್ಲಿಯವರೆಗೆ ಬರಿಮೈಯಲ್ಲಿ ಕುಂಟುತ್ತಾ ನಡೆದು ಹೋದ. ನಡುವೆ ಒಮ್ಮೆ ಬಿದ್ದ. ಅವನೇ ಎದ್ದ.

ನಾಲ್ಕನೇ ದಿನ ಕ್ಲಬ್ಬಿನಿಂದ ಕಾಗದ ಬಂತು. ಶಿಸ್ತು ಮುರಿದಿದ್ದಾನೆ, ಒಪ್ಪಂದ ರದ್ದು. ಅದರ ಜೊತೆಗೇ ಇನ್ಶೂರೆನ್ಸೂ ಹೋಯಿತು, ಬುಖಾರೆಸ್ಟೂ ಹೋಯಿತು. ನಾರ್ಚಿಸ್ ಜಿಲ್ಲಾ ಆಸ್ಪತ್ರೆಗೆ ಹೋದ. ಆ ಡಾಕ್ಟರಮ್ಮ ಕೆಲಸ ಬಿಟ್ಟು ಜರ್ಮನಿಗೆ ಹೋಗಿದ್ದಳು. ಕಿಟಕಿಯಲ್ಲಿದ್ದ ಹುಡುಗಿ ಇನ್ಶೂರೆನ್ಸ್ ಕಾರ್ಡು ಕೇಳಿದಳು.

ಅಪ್ಪ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ ಇಟ್ಟಿಗೆಯ ಅಚ್ಚು ತೊಳೆಯುತ್ತಾ ಕೂತವನು ತಲೆ ಎತ್ತದೆ ಅಂದ: "ಮಾನ ಉಳಿಸ್ಕೊಂಡೆ. ಕಾಲು ಎಲ್ಲಿ?"

ನಾರ್ಚಿಸ್ ಇನ್ನೊಂದು ಅಚ್ಚು ಎತ್ತಿಕೊಂಡು ತೊಳೆಯತೊಡಗಿದ.

ಏಪ್ರಿಲ್ ಕೊನೆಗೆ ತಾಕೆ ಕೇರಿಗೆ ಬಂದ. ಊರಿನವನೊಬ್ಬ ಒಳಗೆ ಬಂದನೆಂದು ನಾಯಿಗಳೆಲ್ಲ ಬೊಗಳಿದವು. ನೀಲಿ ಚೀಲದಲ್ಲಿ ನಾರ್ಚಿಸನ ಬೂಟು ಇತ್ತು. ಜೊತೆಗೆ ಒಂದು ಪತ್ರಿಕೆ. ಆಮೇಲೆ ಇನ್ನೊಂದು ದಿನ ತೆಗೆದ ಫೋಟೋ ಅದರಲ್ಲಿ ಬಂದಿತ್ತು. ಇಡೀ ತಂಡ ಬಿಳಿ ಟೀಶರ್ಟಿನಲ್ಲಿ ನಗುತ್ತಿತ್ತು. ಮಧ್ಯದಲ್ಲಿ ರಾಜ್ವಾನ್ ಹದಿನೇಳನೇ ನಂಬರಿನ ಜೆರ್ಸಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಗಾಯಗೊಂಡ ಗೆಳೆಯನ ಜೊತೆ ನಾವಿದ್ದೇವೆ ಅಂತ ಕೆಳಗೆ ಅಚ್ಚಾಗಿತ್ತು.

"ಮೈದಾನದ ಆದೇಶ ವಾಪಸ್ ತಗೊಂಡ್ರಾ?" ಕೇಳಿದ ನಾರ್ಚಿಸ್.

"ತಗೊಂಡ್ರು." ತಾಕೆ ಮಣ್ಣು ಕೆದಕುತ್ತಾ ನಿಂತ. "ಈ ಫೋಟೋ ಹಿಂದಿನ ದಿನ ನಿನ್ನ ಜೆರ್ಸಿ ಎಲ್ಲರದರ ಜೊತೆ ಮೆಷಿನ್ನಿಗೆ ಹಾಕ್ದೆ. ಯಾರೂ ಏನೂ ಅನ್ನಲಿಲ್ಲ. ನೀನು ಅದರೊಳಗೆ ಇರಲಿಲ್ವಲ್ಲ."

ಅಜ್ಜಿ ಒಳಗಿನಿಂದ ಅವನಿಗೆ ನೀರು ತಂದುಕೊಟ್ಟಳು. ಮುದುಕ ಲೋಟವನ್ನು ನೋಡಿದ, ಅಜ್ಜಿಯನ್ನು ನೋಡಿದ. ಪೂರ್ತಿ ಕುಡಿದು ಹೋದ. ಅದಕ್ಕಾಗಿ ಅವನನ್ನು ಹೊಗಳಬೇಕೆಂದು ನನಗನ್ನಿಸುವುದಿಲ್ಲ.

ಮೇ ಬಂತು. ಗುಂಡಿಗೆ ನೀರು ಬಿಟ್ಟರು. ಸಾಂಡುವಿನ ಸೊಂಟ ಹೋದ ವರ್ಷವೇ ಹೋಗಿತ್ತು, ಎರಡು ಪಾಲು ತುಳಿಯಲು ಹೋಗಿ. ಅವನು ಗುಂಡಿಯ ಅಂಚಿನಲ್ಲಿ ಕೂತು ಅಚ್ಚು ತುಂಬಬಲ್ಲ, ಅಷ್ಟೇ. ತುಳಿಯುವವರು ಬೇಕಿತ್ತು. ನಾರ್ಚಿಸ್ ಪ್ಯಾಂಟು ಮಡಚಿ ಇಳಿದ. ಯಾರೂ ಬೇಡ ಅನ್ನಲಿಲ್ಲ.

ಬಲಗಾಲು ಹೂತಿತು. ಎಡಗಾಲು ಕಿತ್ತ. ಎಡಗಾಲು ಹೂತಿತು. ಬಲಗಾಲು ಕೀಳಲು ಎಡಗಾಲಿನ ಮೇಲೆ ಭಾರ ಹಾಕಿದ. ಮೊಣಕಾಲು ಪಕ್ಕಕ್ಕೆ ಹೋಯಿತು. ಅವನು ಮಣ್ಣಿನೊಳಗೆ ಮುಖ ಅಡಿಯಾಗಿ ಬಿದ್ದ. ಎದ್ದ. ಇನ್ನೊಂದು ಸಲ ತುಳಿದ, ಇನ್ನೊಂದು ಸಲ ಬಿದ್ದ. ಮೂರನೇ ಸಲ ಏಳಲಾಗಲಿಲ್ಲ. ತುಳಿದೇ ಬೆಳೆದ ಕಾಲನ್ನು ಮಣ್ಣು ಹಿಡಿದುಕೊಂಡು ಬಿಡಲಿಲ್ಲ. ಸಾಂಡು ಸೊಂಟ ಮರೆತು ಇಳಿದು ಕಂಕುಳಿಗೆ ಕೈ ಹಾಕಿ ಎಳೆದ. ಅಪ್ಪ ಮಗ ಇಬ್ಬರೂ ಅಂಚಿನಲ್ಲಿ ಏದುಸಿರು ಬಿಡುತ್ತಾ ಕೂತರು.

ಮಧ್ಯಾಹ್ನದ ಊಟಕ್ಕೆ ಅಜ್ಜಿ ಮುಸುಕಿನ ಜೋಳದ ಮುದ್ದೆ ತಂದಿದ್ದಳು, ಹಲಗೆಯ ಮೇಲೆ ಬಿಸಿಬಿಸಿ. ಪಕ್ಕದಲ್ಲಿ ಕೈ ತೊಳೆಯಲು ಚೊಂಬಿನಲ್ಲಿ ನೀರು, ಸೋಪು. ಅವಳು ಮೊಮ್ಮಗನ ಹತ್ತಿರ ಬಂದು ನೆಲಕ್ಕೆ ಕೂತಳು.

"ಚಾಚು."

"ಬೇಡ ಅಜ್ಜಿ. ಕಾಲು ಅದು."

"ಕಾಲು ಅಂತ ಗೊತ್ತು ಕಣ್ಲಾ. ಚಾಚು."

ಅವಳು ಅವನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಮಣ್ಣು ಮೆತ್ತಿತ್ತು, ಅದರ ಸಮೇತ. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕುದುರೆಗಳ ಕಾಲು ನೋಡಿ ಬೆಳೆದವಳು. ಮೆಲ್ಲಗೆ ಮುಂದಕ್ಕೆ ಎಳೆದಳು. ಮೂಳೆ ಜಾರಿತು.

"ಕಿತ್ತೇ ಹೋಗಿದೆಯಲ್ಲೋ ಮಗಾ," ಅಂದಳು. "ಮುಟ್ಟಿದ್ರೆ ಗೊತ್ತಾಗ್ತದಲ್ಲ."

ಕೈ ತೆಗೆಯಲಿಲ್ಲ. ಅಲ್ಲೇ ಹಿಡಿದುಕೊಂಡು ಕೂತಿದ್ದಳು. ಸಾಂಡು ಆಚೆ ತಿರುಗಿ ಕೂತ. ಆಮೇಲೆ ಅವಳು ಹಲಗೆಯನ್ನು ಹತ್ತಿರ ಎಳೆದುಕೊಂಡಳು. ಚೊಂಬು ಅವಳ ಮೊಣಕೈ ಪಕ್ಕದಲ್ಲೇ ಇತ್ತು. ನಮ್ಮಲ್ಲಿ ಮಾಡುವಂತೆ ದಾರದಿಂದ ಮುದ್ದೆ ಕತ್ತರಿಸಿ, ಒಂದು ತುಂಡನ್ನು ಅದೇ ಕೈಯಿಂದ ಮೊಮ್ಮಗನ ತಟ್ಟೆಗೆ ಹಾಕಿದಳು, ಒಂದನ್ನು ಮಗನಿಗೆ ಹಾಕಿದಳು, ಒಂದನ್ನು ತನ್ನ ಬಾಯಿಗೆ ಇಟ್ಟುಕೊಂಡಳು. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೈ ತೊಳೆಯಲಿಲ್ಲ.

ಮೂವರೂ ತಿಂದರು. ಗುಂಡಿಯಲ್ಲಿ ಮಣ್ಣು ಅರ್ಧ ತುಳಿದಂತೆಯೇ ಇತ್ತು. ಸಂಜೆಯೊಳಗೆ ಒಣಗಿ ಬಿರುಕು ಬಿಟ್ಟಿತು.